ಗುಡ್ಡದಿಂದ ನಾಲಾದವರೆಗೆ: ಊರಿನ ನೆಲಕ್ಕೆ ಯೋಜನೆ ಮಾಡುವಾಗ ಯಾವ ಕೆಲಸ ಎಲ್ಲಿ, ಯಾವುದು ಮೊದಲು?

ಪ್ರಶ್ನೆ: ನಾನು ಚಿಂಚೋಳಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಸದಸ್ಯೆ. ನಮ್ಮೂರಿನ ಕ್ಷೇತ್ರ 620 ಹೆಕ್ಟೇರ್. ಮೇಲೆ ಕೆಂಪುಕಲ್ಲಿನ ಗುಡ್ಡ, ಅಲ್ಲಿ 40 ಹೆಕ್ಟೇರ್ ಗಾಯರಾಣ (ಗೋಮಾಳ). ನಡುವೆ ಮುರುಮಿನ (ಗರಸು ಮಣ್ಣಿನ) ಹೊಲಗಳು. ಕೆಳಗೆಲ್ಲ ಎರೆ (ಕಪ್ಪು ಮಣ್ಣಿನ) ಭೂಮಿ, ತೊಗರಿಯೇ ಹೆಚ್ಚು. ಜನ 2,000, ದನ-ಎಮ್ಮೆ 250, ಕುರಿ-ಮೇಕೆ 700ರಷ್ಟು. ಸೆಪ್ಟೆಂಬರ್‌ನಲ್ಲಿ ನಾಲಾ ಉಕ್ಕಿ ಹೊಲ ಕೊಚ್ಚುತ್ತದೆ, ಫೆಬ್ರವರಿಗೆ ಬೋರ್ ಒಣಗುತ್ತದೆ. ಮುಂದಿನ ಯೋಜನೆಗೆ ಪಂಚಾಯಿತಿ ಮಾಡಿರುವ ಪಟ್ಟಿ ಇದು: 12 ಕೃಷಿ ಹೊಂಡ, 2 ಚೆಕ್ ಡ್ಯಾಂ, ಗಾಯರಾಣದಲ್ಲಿ 5,000 ಸಸಿ, ಕೆರೆ ಹೂಳೆತ್ತುವುದು, ಹೊಲದ ರಸ್ತೆ. ಇಷ್ಟರಿಂದ ಬರ-ನೆರೆ ಎರಡನ್ನೂ ತಡೆಯುವ ಊರು ಆಗುತ್ತದೆಯೇ? ಮೊದಲು ಯಾವುದನ್ನು ಹಿಡಿಯಬೇಕು?

ಉತ್ತರ: ನಿಮ್ಮ ಪಟ್ಟಿಯಲ್ಲಿರುವ ಯಾವ ಕೆಲಸವೂ ಕೆಟ್ಟದ್ದಲ್ಲ. ಪಟ್ಟಿಯಲ್ಲಿ ಇಲ್ಲದಿರುವುದು ಎರಡು ಸಂಗತಿ: ಪ್ರತಿ ಕೆಲಸ ಇಳಿಜಾರಿನ ಯಾವ ಜಾಗದಲ್ಲಿ ಎನ್ನುವುದು, ಮತ್ತು ಯಾವುದರ ನಂತರ ಯಾವುದು ಎನ್ನುವುದು. ಅದೇ ಹಣದಲ್ಲಿ ಅದೇ ಕೆಲಸಗಳನ್ನು ಬೇರೆ ಜಾಗದಲ್ಲಿ, ಬೇರೆ ಕ್ರಮದಲ್ಲಿ ಮಾಡಿದರೆ ಫಲವೂ ಬೇರೆಯೇ. ಇನ್ನೊಂದು ಮಾತು. ‘ಇದು ಮೇವಿನ ಜಾಗ, ಇದು ನೀರಿನ ಜಾಗ, ಇದು ಕಾಡು’ ಎಂದು ನೆಲವನ್ನು ಹೋಳು ಮಾಡಬೇಡಿ. 620 ಹೆಕ್ಟೇರ್‌ನಲ್ಲಿ ಅಷ್ಟೊಂದು ನೆಲ ಇಲ್ಲ. ಒಂದೊಂದು ತುಣುಕೂ ಎರಡು-ಮೂರು ಕೆಲಸ ಮಾಡಲೇಬೇಕು.

ಮೊದಲು ನೀರಿನ ಲೆಕ್ಕ ನೋಡೋಣ, ಏಕೆಂದರೆ ಇದು ಗ್ರಾಮಸಭೆಯಲ್ಲಿ ಜನರಿಗೆ ಥಟ್ಟನೆ ನಾಟುತ್ತದೆ. ಒಂದು ಹೆಕ್ಟೇರ್ ಮೇಲೆ 1 ಮಿ.ಮೀ. ಮಳೆ ಎಂದರೆ 10 ಘನ ಮೀಟರ್, ಅಂದರೆ 10,000 ಲೀಟರ್ ನೀರು. ವರ್ಷಕ್ಕೆ 800 ಮಿ.ಮೀ. ಎಂದು ಹಿಡಿದರೆ ನಿಮ್ಮೂರ ಮೇಲೆ ಬೀಳುವುದು ಸುಮಾರು 50 ಲಕ್ಷ ಘನ ಮೀಟರ್. 2,000 ಜನರಿಗೆ ದಿನಕ್ಕೆ ತಲಾ 55 ಲೀಟರ್‌ನಂತೆ ವರ್ಷವಿಡೀ ಬೇಕಾಗುವುದು 40 ಸಾವಿರ ಘನ ಮೀಟರ್, ಬಿದ್ದ ಮಳೆಯ ಶೇ. 1ಕ್ಕಿಂತ ಕಡಿಮೆ. ಮಳೆ ಸಾಲದೆ ಬೋರ್ ಒಣಗುತ್ತಿಲ್ಲ. ನಮ್ಮ ಕಡೆ ಹೆಚ್ಚು ಮಳೆ ಸುರಿಯುವುದು ಸೆಪ್ಟೆಂಬರ್‌ನಲ್ಲಿ, ಅದೂ ಕೆಲವೇ ದಿನಗಳಲ್ಲಿ ದಬದಬ ಸುರಿದು ಹೋಗುತ್ತದೆ. ಹೊಲ ಕೊಚ್ಚುವ ನೀರು ಮತ್ತು ಫೆಬ್ರವರಿಯಲ್ಲಿ ಸಿಗದ ನೀರು ಎರಡೂ ಒಂದೇ.

ಇನ್ನು ಗುಡ್ಡ. ನಿಮ್ಮೂರಿನ ಭಾಗ್ಯ ಇರುವುದೇ ಅಲ್ಲಿ. ಬೀದರ್ ಮತ್ತು ಚಿಂಚೋಳಿಯ ಎತ್ತರದ ಜಾಗಗಳಲ್ಲಿ ಮೇಲೆ ಕೆಂಪುಕಲ್ಲು, ಅಂದರೆ ಜಂಬಿಟ್ಟಿಗೆಯ ಪದರ, ಅದರ ಕೆಳಗೆ ಕರಿಕಲ್ಲು ಇರುತ್ತದೆ. ಕೆಂಪುಕಲ್ಲಿನಲ್ಲಿ ಸಣ್ಣ ಸಣ್ಣ ತೂತುಗಳು, ನೀರು ಸರಸರ ಇಳಿಯುತ್ತದೆ. ಕೆಳಗಿನ ಜೇಡಿ ಮತ್ತು ಕರಿಕಲ್ಲನ್ನು ಮುಟ್ಟಿದಾಗ ಮುಂದೆ ಇಳಿಯಲಾರದೆ ಅಡ್ಡಕ್ಕೆ ಹರಿದು, ಗುಡ್ಡದ ಬುಡದಲ್ಲಿ ಝರಿಯಾಗಿ ಹೊರಬೀಳುತ್ತದೆ. ಬೀದರಿನ ಗುರುನಾನಕ್ ಝೀರಾದಲ್ಲಿ ನೀರು ಒಸರುವುದು, ಬಹಮನಿ ಕಾಲದ ನೌಬಾದ್ ಕರೇಜಿನ ಸುರಂಗದಲ್ಲಿ ನೀರು ಸೇರುವುದು ಇದೇ ಗುಣದಿಂದ. ಪಂಪಿಲ್ಲದ ಕಾಲದಲ್ಲಿ ಒಂದು ನಗರಕ್ಕೆ ನೀರು ಕೊಟ್ಟ ತಿಳಿವಳಿಕೆ ಇದು. ನಿಮ್ಮ ಗಾಯರಾಣ ನಿಮ್ಮೂರಿನ ನೀರಿನ ಟಾಕಿ ಎಂದೇ ತಿಳಿಯಿರಿ.

ಹಾಗಾಗಿ ಅಲ್ಲಿಂದ ಮುರುಮು ಮತ್ತು ಕಲ್ಲು ತೆಗೆಯುವುದನ್ನು ನಿಲ್ಲಿಸುವುದು ಯೋಜನೆಯ ಮೊದಲ ಸಾಲಾಗಲಿ. ಒಂದು ರೂಪಾಯಿ ಖರ್ಚಿಲ್ಲದ, ಆದರೆ ಎಲ್ಲಕ್ಕಿಂತ ಕಠಿಣವಾದ ನಿರ್ಧಾರ ಅದು. ಎರಡನೆಯದು ಮೋಜಣಿ, ಅಂದರೆ ಗಡಿಯ ಅಳತೆ. ದಿಶಾಂಕ್ ಆ್ಯಪ್‌ನಲ್ಲಿ ಗಾಯರಾಣದ ಸರ್ವೆ ನಂಬರ್ ಮತ್ತು ಗಡಿ ನೋಡಬಹುದು, ಆದರೆ ಅದು ಅಂದಾಜಿಗೆ ಮಾತ್ರ. ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಸರ್ವೆಯವರಿಂದ ಕಲ್ಲು ಹಾಕಿಸಿಕೊಳ್ಳದೆ ಒಂದು ಗುದ್ದಲಿಯನ್ನೂ ಹಾಕಬೇಡಿ. ಗಡಿ ತಕರಾರಿನ ಜಾಗದಲ್ಲಿ ನೆಟ್ಟ ಸಸಿ ಮೊದಲ ಬೇಸಿಗೆ ದಾಟುವುದಿಲ್ಲ.

ಗುಡ್ಡದ ಇಳಿಜಾರಿಗೆ ಅಡ್ಡಲಾಗಿ, ಸಮಪಾತಳಿಯಲ್ಲಿ (ಉದ್ದಕ್ಕೂ ಒಂದೇ ಮಟ್ಟದಲ್ಲಿ), ಬಿಟ್ಟು ಬಿಟ್ಟು ಕಂದಕ ತೋಡಿಸಿ. ಉದ್ದ 4 ಮೀ., ಅಗಲ 60 ಸೆಂ.ಮೀ., ಆಳ 50 ಸೆಂ.ಮೀ. ಮೇಲಿನ ಸಾಲಿನ ಎರಡು ಕಂದಕಗಳ ನಡುವಿನ ಸಂದಿಗೆ ಎದುರಾಗಿ ಕೆಳಸಾಲಿನ ಕಂದಕ ಬರಬೇಕು. ಒಂದು ಕಂದಕಕ್ಕೆ 1.2 ಘನ ಮೀಟರ್, ಹೆಕ್ಟೇರಿಗೆ 100 ಕಂದಕ ಎಂದರೆ ಒಂದು ಸಲ ತುಂಬಿದರೆ 120 ಘನ ಮೀಟರ್, ಅಂದರೆ 12 ಮಿ.ಮೀ.ನಷ್ಟು ಹರಿನೀರು ಅಲ್ಲೇ ನಿಂತಂತೆ. ಸಮಪಾತಳಿ ಕಣ್ಣಂದಾಜಿನಲ್ಲಿ ಸಿಗುವುದಿಲ್ಲ. 15 ಮೀಟರ್ ಪಾರದರ್ಶಕ ಪೈಪಿಗೆ ನೀರು ತುಂಬಿ, ಎರಡೂ ತುದಿಗೆ ಅಳತೆಪಟ್ಟಿ ಕಟ್ಟಿದರೆ ಸಾಕು, ಇಬ್ಬರು ಒಂದು ದಿನದಲ್ಲಿ ಕಲಿಯುತ್ತಾರೆ. ಇದನ್ನು ಬಿಟ್ಟು ಸುಣ್ಣದ ಗೆರೆ ಎಳೆದು ತೋಡಿದರೆ ಕಂದಕದ ಒಂದೇ ತುದಿಯಲ್ಲಿ ನೀರು ಸೇರಿ, ಅಲ್ಲಿ ಒಡೆದು, ಹೊಸ ಕೊರಕಲು ಹುಟ್ಟುತ್ತದೆ. ತೆಗೆದ ಮಣ್ಣನ್ನು ಕೆಳಬದಿಗೆ, ಕಂದಕದ ಅಂಚಿನಿಂದ ಒಂದಡಿ ಬಿಟ್ಟು ಹಾಕಿಸಿ. ಗಟ್ಟಿ ಕೆಂಪುಕಲ್ಲು ಮೇಲೆಯೇ ಕಾಣುವ ಕಡೆ ಕಂದಕ ಬೇಡ, ಸಿಕ್ಕ ಕಲ್ಲಿನಿಂದ ಮೊಳಕಾಲೆತ್ತರದ ಕಲ್ಲೊಡ್ಡು ಸಾಕು.

ಈಗ 5,000 ಸಸಿಯ ವಿಚಾರ. ನಮ್ಮ ಸಲಹೆ: ಎಲ್ಲವನ್ನೂ ಒಮ್ಮೆಗೇ ನೆಡಬೇಡಿ, ಹುಲ್ಲು ಮೊದಲು ಬರಲಿ. ಕಂದಕದ ಮಣ್ಣಿನ ದಿಂಡಿನ ಮೇಲೆ ಹಮಾಟ (ಸ್ಟೈಲೋ) ಎಂಬ ಮೇವಿನ ಬೆಳೆಯ ಬೀಜ ಚೆಲ್ಲಿ. ಅದರ ಸಿಪ್ಪೆ ಗಟ್ಟಿ, ಹಾಗೇ ಚೆಲ್ಲಿದರೆ ಬಹುಪಾಲು ಮೊಳೆಯುವುದಿಲ್ಲ. 80 ಡಿಗ್ರಿ ಬಿಸಿನೀರಿನಲ್ಲಿ 4-5 ನಿಮಿಷ ಇಟ್ಟು, ಆಮೇಲೆ ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿ, ನೆರಳಲ್ಲಿ ಆರಿಸಿ ಚೆಲ್ಲಬೇಕು. ಸಾಲಿನಲ್ಲಾದರೆ ಹೆಕ್ಟೇರಿಗೆ 6 ಕೆ.ಜಿ., ಎರಚುವುದಾದರೆ 10 ಕೆ.ಜಿ. ನಡುವೆ ಸೆಂಕ್ರಸ್ ಹುಲ್ಲು. ಮರಗಳಲ್ಲಿ ಕಮರ, ಬೇವು, ನೆಲ್ಲಿ, ಬಿಲ್ವ, ಸೀತಾಫಲ. ಸೀತಾಫಲದ ಎಲೆಗೆ ಮೇಕೆ ಬಾಯಿ ಹಾಕುವುದಿಲ್ಲ, ಬೇಲಿ ಇಲ್ಲದ ಜಾಗಕ್ಕೆ ಅದಕ್ಕಿಂತ ಒಳ್ಳೆಯ ಹಣ್ಣಿನ ಗಿಡ ಇಲ್ಲ. ಹೆಕ್ಟೇರಿಗೆ 150-200 ಗಿಡ ಸಾಕು. ದಟ್ಟವಾಗಿ ನೆಟ್ಟರೆ ನಾಲ್ಕು ವರ್ಷಕ್ಕೆ ಹುಲ್ಲು ನೆರಳಿಗೆ ಸಾಯುತ್ತದೆ, ಆಗ ದನದವರೇ ಗಿಡದ ವೈರಿಗಳಾಗುತ್ತಾರೆ.

ಮುಖ್ಯ ಮಾತು: 40 ಹೆಕ್ಟೇರನ್ನೂ ಒಮ್ಮೆಗೇ ಮುಚ್ಚಬೇಡಿ. 700 ಕುರಿ-ಮೇಕೆ ಎಲ್ಲಿ ಹೋಗಬೇಕು? ತಾಂಡಾದ ಹೆಣ್ಣುಮಕ್ಕಳು ಸೌದೆಗೆ ಎಲ್ಲಿ ಹೋಗಬೇಕು? ಭೂಮಿ ಇಲ್ಲದವರಿಗೆ ಗಾಯರಾಣವೇ ಹೊಲ. ಮೂರು ಪಾಲು ಮಾಡಿ, ಒಂದು ಪಾಲು ಎರಡು-ಮೂರು ವರ್ಷ ಮೇಯಿಸದೆ ಬಿಡಿ, ಹುಲ್ಲು ಕೊಯ್ದು ಒಯ್ಯಲಿ. ಅದು ಹಿಡಿದ ಮೇಲೆ ಮುಂದಿನ ಪಾಲು. ಯಾರು ಯಾವಾಗ ಕೊಯ್ಯಬೇಕು, ಹೊರೆಗೆಷ್ಟು, ಕಾವಲುಗಾರನಿಗೆ ಹಣ ಎಲ್ಲಿಂದ ಎನ್ನುವುದನ್ನು ಕುರಿಗಾರರು, ತಾಂಡಾದವರು, ಸ್ವಸಹಾಯ ಸಂಘದವರು ಎದುರಿಗಿದ್ದಾಗಲೇ ಠರಾವು ಮಾಡಿ ಬರೆಯಿರಿ. ಕಂದಕ ತೋಡಿದ ಮೇಲೆ ಈ ಮಾತುಕತೆ ಎತ್ತಿದರೆ ತಡವಾಯಿತು. ಗಾಯರಾಣ ಯೋಜನೆಗಳು ಕೆಡುವುದು ಬಹುತೇಕ ಇಲ್ಲಿಯೇ, ಬರದಿಂದ ಅಲ್ಲ.

ಮೇವಿನ ಲೆಕ್ಕವನ್ನೂ ಪ್ರಾಮಾಣಿಕವಾಗಿ ಹಾಕಿ. ಒಂದು ದನಕ್ಕೆ ದಿನಕ್ಕೆ 8 ಕೆ.ಜಿ. ಒಣಮೇವು ಎಂದರೆ ಫೆಬ್ರವರಿಯಿಂದ ಮೇ ತನಕ 120 ದಿನಕ್ಕೆ ಹತ್ತಿರ ಹತ್ತಿರ ಒಂದು ಟನ್. 250 ದನಕ್ಕೆ 240 ಟನ್. ಗಾಯರಾಣ ಪೂರ್ತಿ ಚೇತರಿಸಿಕೊಂಡು ಹೆಕ್ಟೇರಿಗೆ ಒಂದೂವರೆ ಟನ್ ಹುಲ್ಲು ಕೊಟ್ಟರೂ 60 ಟನ್, ಕಾಲು ಭಾಗ ಮಾತ್ರ. ಉಳಿದ 180 ಟನ್ ಬರಬೇಕಾದದ್ದು ಹಿಂಗಾರಿ ಜೋಳದ ಕಣಿಕೆಯಿಂದ (ಒಣ ದಂಟಿನಿಂದ). ಎಕರೆಗೆ ಒಂದೂವರೆ ಟನ್ ಹಿಡಿದರೆ 120 ಎಕರೆ ಜೋಳ. ತೊಗರಿಯ ಹಿಂದೆ ಬಿದ್ದು ನಾವು ಬಿಟ್ಟುಕೊಟ್ಟದ್ದು ಬರೀ ರೊಟ್ಟಿಯನ್ನಲ್ಲ, ದನದ ಬಾಯಿಯ ಕಣಿಕೆಯನ್ನೂ. ಊರಿನ ಯೋಜನೆಯಲ್ಲಿ ‘120 ಎಕರೆ ಮಾಲದಂಡಿ ಜೋಳ’ ಎಂಬ ಸಾಲು ಚೆಕ್ ಡ್ಯಾಮಿನಷ್ಟೇ ಗಟ್ಟಿಯಾಗಿ ಇರಲಿ.

ನಡುವಿನ ಮುರುಮಿನ ಹೊಲಗಳಲ್ಲಿ ಮಣ್ಣು ತೆಳು, ನೀರು ನಿಲ್ಲದು. ಇಲ್ಲಿ ಸಮಪಾತಳಿ ಒಡ್ಡು ಸರಿಯಾಗಿ ಕೆಲಸ ಮಾಡುತ್ತದೆ. ಕೆರೆಯ ಹೂಳು ಬರಬೇಕಾದದ್ದೂ ಇಲ್ಲಿಗೇ. ಎರೆ ಹೊಲಕ್ಕೆ ಹೂಳು ಹಾಕುವುದೆಂದರೆ ಜೇಡಿಯ ಮೇಲೆ ಜೇಡಿ, ಏನೂ ಗಿಟ್ಟದು. ಮುರುಮಿಗೆ ಎಕರೆಗೆ 25-30 ಟ್ರಾಲಿ ಹಾಕಿದರೆ ಸುಮಾರು 2 ಸೆಂ.ಮೀ. ಪದರ ಆಗುತ್ತದೆ, ತೇವ ಹಿಡಿಯುವ ಶಕ್ತಿ ಕಣ್ಣಿಗೆ ಕಾಣುವಷ್ಟು ಹೆಚ್ಚುತ್ತದೆ. ಹೂಳೆತ್ತುವಾಗ ಕೆರೆ ಏರಿಯ ಬುಡದಿಂದ 10 ಮೀಟರ್ ಒಳಗೆ ಜೆಸಿಬಿ ಬರಕೂಡದು. ಏರಿಯ ಕಾಲಿನ ಮಣ್ಣು ತೆಗೆದರೆ ತುಂಬಿದ ವರ್ಷವೇ ಏರಿ ಜಾರುತ್ತದೆ. ಬೆಳೆಯಲ್ಲಿ ಸಜ್ಜೆ ಜೊತೆ ತೊಗರಿ, ಅಥವಾ ಹೆಸರು ಜೊತೆ ತೊಗರಿ. ತಳಿ ಬೇಗ ಕೊಯ್ಲಿಗೆ ಬರುವ, ಸೊರಗು ತಡೆಯುವ ಟಿಎಸ್-3ಆರ್‌ನಂಥದ್ದು ಇರಲಿ, ಏಕೆಂದರೆ ಈ ನೆಲದ ತೇವ ನವೆಂಬರ್ ಕೊನೆಗೇ ಮುಗಿಯುತ್ತದೆ.

ಮುರುಮಿನ ಹೊಲ ಮುಗಿದು ಎರೆ ಶುರುವಾಗುವ ಗೆರೆಯಲ್ಲಿ ಒಂದು ತಿರುವುಗಾಲುವೆ ಬೇಕು. ಮೇಲಿನ ನೀರು ಎರೆ ಹೊಲಕ್ಕೆ ನುಗ್ಗದಂತೆ ಅದನ್ನು ಹಿಡಿದು, ಹುಲ್ಲು ಬೆಳೆಸಿದ ದಾರಿಯಲ್ಲಿ ಕೆರೆಗೋ ಹೊಂಡಕ್ಕೋ ಒಯ್ಯಬೇಕು. ಕೊರಕಲುಗಳಿಗೆ ಕಲ್ಲಿನ ತಡೆ ಹಾಕಿ. ದೂರದ ಲೆಕ್ಕ ಸುಲಭ: ತಡೆಯ ಎತ್ತರವನ್ನು ಇಳಿಜಾರಿನಿಂದ ಭಾಗಿಸಿ. 75 ಸೆಂ.ಮೀ. ಎತ್ತರ, ಶೇ. 5 ಇಳಿಜಾರು ಆದರೆ 15 ಮೀಟರಿಗೊಂದು. ನಡುಭಾಗ ಬದಿಗಿಂತ 25-30 ಸೆಂ.ಮೀ. ತಗ್ಗಿರಲಿ, ಎರಡೂ ತುದಿ ದಂಡೆಯೊಳಗೆ ಅರ್ಧ ಮೀಟರ್ ಹೊಕ್ಕಿರಲಿ. ಕಲ್ಲಿನ ತಡೆ ಕುಸಿದು ಬೀಳುವುದು ಅಪರೂಪ. ತುದಿ ಗಟ್ಟಿ ಇಲ್ಲದೆ ನೀರು ಪಕ್ಕದಿಂದ ಕೊರೆದು ಹೋಗುವುದೇ ಹೆಚ್ಚು.

ಎರೆ ಭೂಮಿಯಲ್ಲಿ ಎಲ್ಲ ನಿಯಮ ತಿರುವುಮುರುವು. ಬೇಸಿಗೆಯಲ್ಲಿ ಬಿರಿದ ಎರೆ ಮೊದಲ ಮಳೆಯನ್ನು ಗಟಗಟ ಕುಡಿಯುತ್ತದೆ. ಉಬ್ಬಿ ಬಿರುಕು ಮುಚ್ಚಿದ ಮೇಲೆ ಬಾಯಿ ಬಿಡುವುದೇ ಇಲ್ಲ. ಇಲ್ಲಿ ಸಮಪಾತಳಿ ಒಡ್ಡು ಹಾಕಿದರೆ ನೀರು ಒಡ್ಡಿನ ಬುಡದಲ್ಲಿ ವಾರಗಟ್ಟಲೆ ನಿಂತು ತೊಗರಿ ಕೊಳೆಯುತ್ತದೆ, ಬೇಸಿಗೆಯಲ್ಲಿ ಒಡ್ಡೇ ಬಿರಿದು ಮುಂದಿನ ಮಳೆಗೆ ಒಡೆಯುತ್ತದೆ. ಆಮೇಲೆ ರೈತ ತಾನೇ ಒಡ್ಡು ಕಡಿಯುತ್ತಾನೆ, ನಾವು ರೈತನಿಗೆ ತಿಳಿವಳಿಕೆ ಇಲ್ಲ ಎನ್ನುತ್ತೇವೆ. ತಪ್ಪು ರೈತನದಲ್ಲ. ಎರೆಗೆ ಬೇಕಾದದ್ದು ಶೇ. 0.2ರಿಂದ 0.4 ಇಳಿಜಾರು ಕೊಟ್ಟ ಒಡ್ಡು, ತುದಿಯಲ್ಲಿ ಕಲ್ಲು ಹಾಸಿದ ಕೋಡಿ. ತೊಗರಿಯನ್ನು ಏರುಮಡಿಯ ಮೇಲೆ ಬಿತ್ತಿ: ಒಂದು ಮೀಟರ್ ಅಗಲದ ಮಡಿ, ಅರ್ಧ ಮೀಟರ್ ಸಾಲು. ಪಟಾಂಚೇರುವಿನ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆ ಎರೆಗಾಗಿಯೇ ಬೆಳೆಸಿದ ಪದ್ಧತಿ ಇದು. ಮಳೆ ಕಡಿಮೆಯಾದರೆ ಮಡಿ ತೇವ ಹಿಡಿಯುತ್ತದೆ, ಹೆಚ್ಚಾದರೆ ಸಾಲು ಬಸಿಗಾಲುವೆ ಆಗುತ್ತದೆ. ಎರಡು ದಿನ ಬುಡದಲ್ಲಿ ನೀರು ನಿಂತರೆ ತೊಗರಿಗೆ ಬರುವ ಕೊಳೆರೋಗಕ್ಕೆ ಇದಕ್ಕಿಂತ ಅಗ್ಗದ ಔಷಧಿ ಇಲ್ಲ. ಹಿಂಗಾರಿ ಜೋಳಕ್ಕೆ ಬಿಟ್ಟ ಹೊಲದಲ್ಲಿ ಮಾತ್ರ ಜುಲೈನಲ್ಲಿ ಚೌಕುಮಡಿ ಮಾಡಿಸಿ. ಇಳಿಜಾರು ಶೇ. 1-2 ಇದ್ದರೆ 4.5 ಮೀಟರ್ ಚೌಕ, 2-3 ಇದ್ದರೆ 3 ಮೀಟರ್ ಚೌಕ, ಬದು 15 ಸೆಂ.ಮೀ. ಎತ್ತರ. ಬೆಳೆ ನಿಂತ ಹೊಲದಲ್ಲಿ ಇದು ಬೇಡ.

ಹೊಲದ ಬದು ಖಾಲಿ ಬಿಡಬೇಡಿ. ನಮ್ಮ ಹಿರಿಯರು ಜೋಳದ ಸುತ್ತ ಕುಸುಬಿ ಹಾಕುತ್ತಿದ್ದದ್ದು ದನ ಒಳಗೆ ಬರದಿರಲೆಂದು, ಎಣ್ಣೆ ಅದರ ಜೊತೆಗೆ ಸಿಗುತ್ತಿತ್ತು. ತೊಗರಿಯ ಅಂಚಿನ ಪುಂಡಿ ಪಲ್ಯಕ್ಕೂ ಆಯಿತು, ನಾರಿಗೂ ಆಯಿತು. ಬಹು ಉಪಯೋಗ ಎಂದರೆ ಇದೇ, ಹೊಸದೇನೂ ಅಲ್ಲ. ಬದುವಿನಲ್ಲಿ ಬೇವು, ಕರಿಜಾಲಿ, ಬನ್ನಿ ಇದ್ದರೆ ಹಕ್ಕಿಗಳಿಗೆ ಕೂರಲು ಜಾಗ, ಕಾಯಿಕೊರಕ ಹುಳು ಅವುಗಳ ಊಟ. ಮರ ಇಲ್ಲದ ಕಡೆ ಎಕರೆಗೆ 20 ಕವೆಕೋಲು ನೆಡಿ. ಮರದ ನೆರಳಿಗೆ ನೆರೆಯವನ ತಕರಾರು ಬರುತ್ತದೆ. ವರ್ಷಕ್ಕೊಮ್ಮೆ ಟೊಂಗೆ ಸವರಿ ಸೌದೆಯನ್ನು ಇಬ್ಬರೂ ಹಂಚಿಕೊಳ್ಳುವ ಮಾತಾದರೆ ಅದು ಇಳಿಯುತ್ತದೆ.

12 ಕೃಷಿ ಹೊಂಡಗಳ ಜಾಗವನ್ನು ಅರ್ಜಿ ಬಂದ ಕ್ರಮದಲ್ಲಿ ಕೊಡಬೇಡಿ, ನೀರು ಬರುವ ದಾರಿ ನೋಡಿ ಕೊಡಿ. ಕೆಂಪು ನೆಲದಲ್ಲಿ ಹೊಂಡ ನೀರು ಹಿಡಿಯದು, ಅಲ್ಲಿ ಇಂಗುಗುಂಡಿಯೇ ಸರಿ. ಎರೆಯಲ್ಲಿ ಪ್ಲಾಸ್ಟಿಕ್ ಹಾಳೆ ಇಲ್ಲದೆಯೂ ಬಹುಮಟ್ಟಿಗೆ ನಿಲ್ಲುತ್ತದೆ. ಮೇಲೆ 21 ಮೀಟರ್ ಚೌಕ, ಆಳ 3 ಮೀಟರ್, ಪಕ್ಕದ ಇಳಿಜಾರು ಒಂದಕ್ಕೆ ಒಂದೂವರೆ, ತಳ 12 ಮೀಟರ್ ಚೌಕ ಆದರೆ ಹಿಡಿಯುವುದು 837 ಘನ ಮೀಟರ್. ಒಂದಕ್ಕೆ ಒಂದು ಇಳಿಜಾರಿನಲ್ಲಿ ತೋಡಿ ಅಗಲ ಉಳಿಸಿದರೆ ನೆನೆದ ಎರೆ ದಂಡೆ ಜಾರಿ ಎರಡೇ ವರ್ಷದಲ್ಲಿ ಹೊಂಡ ಅರ್ಧ ಆಗುತ್ತದೆ. ತೆಗೆದ ಮಣ್ಣನ್ನು ಅಂಚಿನಿಂದ ಒಂದು ಮೀಟರ್ ದೂರ ಇಡಿ. ಒಳಹರಿವಿಗೆ 2 ಮೀಟರ್ ಚೌಕ, 1 ಮೀಟರ್ ಆಳದ ಹೂಳುಗುಂಡಿ ಕಡ್ಡಾಯ. ಮಕ್ಕಳು ಜಾರಿ ಬೀಳದಂತೆ ಬೇಲಿ ಅದಕ್ಕಿಂತ ಕಡ್ಡಾಯ. ಮೇಲಿನಿಂದ 4 ಹೆಕ್ಟೇರ್ ನೀರು ಹರಿದು ಬರುವಂತಿದ್ದರೆ, 50 ಮಿ.ಮೀ. ಮಳೆಯಲ್ಲಿ ಐದನೇ ಒಂದು ಪಾಲು ಹರಿದರೂ 400 ಘನ ಮೀಟರ್ ಸೇರುತ್ತದೆ, ಅಂಥ ಎರಡು ಮಳೆಗೆ ಹೊಂಡ ತುಂಬಿತು. ಆವಿ-ಬಸಿ ಕಳೆದು 600 ಉಳಿದರೆ, ತುಂತುರು ನೀರಾವರಿಯಲ್ಲಿ 3 ಸೆಂ.ಮೀ.ನಂತೆ 5 ಎಕರೆ ತೊಗರಿಗೆ ಒಂದು ಸಲ ನೀರು. ಹೂವು-ಕಾಯಿ ಕಟ್ಟುವ ಹೊತ್ತಿಗೆ, ನೆಲ ದೊಡ್ಡ ಬಿರುಕು ಬಿಡುವ ಮೊದಲೇ ಕೊಡಬೇಕು. ಬಿರಿದ ಮೇಲೆ ಕೊಟ್ಟ ನೀರು ಬೇರನ್ನು ದಾಟಿ ಪಾತಾಳ ಸೇರುತ್ತದೆ.

ಹೊಲದ ರಸ್ತೆಯನ್ನು ಯಾರೂ ನೀರಿನ ಕೆಲಸ ಎಂದು ಎಣಿಸುವುದಿಲ್ಲ. ಆದರೆ ಎತ್ತರಿಸಿದ ರಸ್ತೆ ಒಂದು ಒಡ್ಡೇ. 60 ಹೆಕ್ಟೇರ್ ನೀರು ಬರುವ ಜಾಗದಲ್ಲಿ, ಗಂಟೆಗೆ 50 ಮಿ.ಮೀ. ಮಳೆಗೆ, ಹರಿವಿನ ಪಾಲು 0.4 ಹಿಡಿದರೆ ಸೆಕೆಂಡಿಗೆ 3.3 ಘನ ಮೀಟರ್ ನುಗ್ಗುತ್ತದೆ. ಎರಡು 600 ಮಿ.ಮೀ. ಸಿಮೆಂಟ್ ಪೈಪು ಹಾಯಿಸುವುದು ಹೆಚ್ಚೆಂದರೆ ಒಂದು ಘನ ಮೀಟರ್ ಚಿಲ್ಲರೆ. ಉಳಿದದ್ದು ಹಿಂದಕ್ಕೆ ನಿಂತು ಬೆಳೆ ಮುಳುಗಿಸುತ್ತದೆ, ಇಲ್ಲವೇ ರಸ್ತೆಯನ್ನೇ ಕೀಳುತ್ತದೆ. ಅಂಥ ಕಡೆ ಪೈಪಿನ ಬದಲು ತಗ್ಗಿಸಿದ ಕಾಂಕ್ರೀಟ್ ಹಾಸು ಹಾಕಿ, ನೀರು ರಸ್ತೆಯ ಮೇಲೇ ಹಾದು ಹೋಗಲಿ. ಕೆಳಬದಿಯಲ್ಲಿ ನೀರು ಬೀಳುವ ಜಾಗಕ್ಕೆ ಕಲ್ಲು ಹಾಸಿ, ಇಲ್ಲದಿದ್ದರೆ ಯಾರದೋ ಹೊಲದಲ್ಲಿ ಹೊಸ ಕೊರಕಲು. ರಸ್ತೆ ಬದಿಯ ಗಟಾರವನ್ನು ಹತ್ತಿರದ ಹೊಂಡಕ್ಕೆ ತಿರುಗಿಸಿದರೆ ರಸ್ತೆಯೂ ನೀರು ಕೂಡಿಸಿ ಕೊಡುತ್ತದೆ.

ನಾಲಾದ ಎರಡೂ ದಂಡೆಯಲ್ಲಿ 10 ಮೀಟರ್ ಉಳುಮೆ ಬಿಡಿಸಿ. ಅಂಚಿನ ತನಕ ನೇಗಿಲು ಹೊಡೆದ ದಂಡೆ ಪ್ರತಿ ಸೆಪ್ಟೆಂಬರ್‌ಗೆ ಒಂದೆರಡು ಅಡಿ ಕಳಚುತ್ತದೆ, ರೈತನ ನೆಲವೇ ಹೋಗುತ್ತದೆ. ಆ ಪಟ್ಟಿಯಲ್ಲಿ ಹೊಂಗೆ, ಬಿದಿರು, ಲಾವಂಚ, ಶಿಂಧಿ (ಈಚಲು) ಇರಲಿ, ಅದರ ಸೌದೆ-ಬೀಜ-ಬಿದಿರು ಹೊಲದವನದೇ ಎಂದು ಬರೆದುಕೊಡಿ. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿದಾಗ ಹೊಳೆದಂಡೆಯ ಊರುಗಳು ಪಟ್ಟ ಪಾಡು ನಾಲಾದ ಪಕ್ಕದವರಿಗೂ ಪಾಠ: ನೆರೆ ಮುಟ್ಟುವ ಜಾಗದಲ್ಲಿ ಹೊಸ ಮನೆಗೆ, ಅಂಗನವಾಡಿಗೆ ಪರವಾನಗಿ ಬೇಡ, ಕಣಿಕೆ ಬಣವೆಯೂ ಬೇಡ. ಅದನ್ನು ಹಿಂಗಾರಿ ಹೊಲವಾಗಿ, ಆಟದ ಬಯಲಾಗಿ ಇಟ್ಟುಕೊಳ್ಳಿ. ಊರಿನ ಮೋರಿ ನೀರೂ ದಿನಕ್ಕೆ 80 ಸಾವಿರ ಲೀಟರ್ ಆಗುತ್ತದೆ, ಜಾಲರಿಗುಂಡಿ ದಾಟಿಸಿ ನುಗ್ಗೆ-ಬಾಳೆಗೆ ಬಿಟ್ಟರೆ ನಾಲಾ ಕೆಡುವುದಿಲ್ಲ.

ಕಾಲದ ಮಾತು. ಎಳ್ಳಮಾಸಿಯ ದಿನ ಊರೆಲ್ಲ ಹೊಲದಲ್ಲೇ ಇರುತ್ತದೆ. ಚರಗ ಚೆಲ್ಲಿ ಭಜ್ಜಿ-ರೊಟ್ಟಿ ಉಂಡ ಮೇಲೆ ಗುಡ್ಡದಿಂದ ನಾಲಾದವರೆಗೆ ನಕ್ಷೆ ಹಿಡಿದು ನಡೆಯಿರಿ. ಹೋದ ಮಳೆಯಲ್ಲಿ ನೀರು ಎಲ್ಲಿ ನಿಂತಿತ್ತು, ಎಲ್ಲಿ ಒಡೆಯಿತು ಎಂದು ಪ್ರತಿ ಹೊಲದವರು ತೋರಿಸುತ್ತಾರೆ. ಸುಜಲಾ ಯೋಜನೆಯಲ್ಲಿ ನಿಮ್ಮ ಜಲಾನಯನದ ಭೂ ಸಂಪನ್ಮೂಲ ಸಮೀಕ್ಷೆ ಆಗಿದ್ದರೆ ಆ ಮಣ್ಣಿನ ಆಳ-ಇಳಿಜಾರಿನ ನಕ್ಷೆಯನ್ನು ಕೃಷಿ ಇಲಾಖೆಯಿಂದ ಕೇಳಿ ಪಡೆಯಿರಿ. ಜನವರಿಯಲ್ಲಿ ಮೋಜಣಿ ಮತ್ತು ಠರಾವು, ಫೆಬ್ರವರಿಯಿಂದ ಮೇ ಒಳಗೆ ಕಂದಕ, ತಡೆ, ತಿರುವುಗಾಲುವೆ, ಜೂನ್‌ನಲ್ಲಿ ಬೀಜ-ಸಸಿ. ಹೊಂಡಗಳನ್ನು ಮೊದಲ ವರ್ಷ ನಾಲ್ಕೇ ಮಾಡಿ. ಖರ್ಚಿನ ಹತ್ತನೇ ಒಂದು ಪಾಲನ್ನು ಹೂಳು ತೆಗೆಯಲು, ಕೋಡಿ ಸರಿಪಡಿಸಲು ಎತ್ತಿಡಿ.

ಎರಡು ಚೆಕ್ ಡ್ಯಾಂ ಕೊನೆಗೆ. ಮೇಲೆ ಮಣ್ಣು ನಿಲ್ಲುವ ಮೊದಲೇ ಕಟ್ಟಿದರೆ ಅವು ನೀರಿನ ಬದಲು ಹೂಳು ತುಂಬಿಕೊಳ್ಳುತ್ತವೆ, ಮೂರು ಮಳೆಗಾಲ ಸಾಕು. ಗುಡ್ಡದ ಕೆಲಸ ಆದ ಮೇಲೆ ಎರಡು ಸೆಪ್ಟೆಂಬರ್ ಕಾಯಿರಿ. ಪ್ರತಿ ದೊಡ್ಡ ಮಳೆಯ ಮರುದಿನ ನಾಲಾದ ನೀರನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಒಂದು ದಿನ ಕದಲದೆ ಇಟ್ಟು, ತಳದಲ್ಲಿ ನಿಂತ ಮಣ್ಣಿನ ಎತ್ತರವನ್ನು ಗುರುತು ಹಾಕಿಕೊಳ್ಳಿ. ಊರಿನ ಎರಡು-ಮೂರು ತೆರೆದ ಬಾವಿಗಳ ನೀರಿನ ಮಟ್ಟವನ್ನೂ ತಿಂಗಳಿಗೊಮ್ಮೆ ಹಗ್ಗ ಬಿಟ್ಟು ಅಳೆದು ಪಂಚಾಯಿತಿ ಗೋಡೆಯ ಮೇಲೆ ಬರೆಸಿ. ಬಾಟಲಿಯ ಮಣ್ಣು ಅರ್ಧಕ್ಕಿಳಿದು, ನಾಲಾ ಡಿಸೆಂಬರ್ ದಾಟಿ ಸಣ್ಣಗೆ ಹರಿಯತೊಡಗಿದಾಗ, ನೀರು ಕೊನೆಗೆ ಒಣಗುವ ಮಡು ಎಲ್ಲಿದೆ ನೋಡಿ, ಅದರ ಕೆಳಗೆ ಮೊದಲ ಚೆಕ್ ಡ್ಯಾಂ ಕಟ್ಟಿಸಿ.